ಎಡಗೈ ಮೇಲಿದ್ದ ಅಚ್ಚು

ಕಳೆದ ಕಾರ್ತಿಕದ ಒಂದು ಶನಿವಾರ, ರಾತ್ರಿ ಹನ್ನೊಂದು. ಪೀಣ್ಯದ ನಮ್ಮ ಬಾಡಿಗೆ ಶೆಡ್ಡಿನಲ್ಲಿ ಇದ್ದವರು ಇಬ್ಬರೇ: ನಾನು, ರುದ್ರಣ್ಣ. ನಂಬುವುದು ಬಿಡುವುದು ನಿಮಗೆ ಸೇರಿದ್ದು, ಕಂಡಷ್ಟನ್ನೇ ಬರೆಯುತ್ತೇನೆ.

ಇಬ್ಬರೂ ಕಾರ್ಖಾನೆ ಕೆಲಸದಿಂದ ನಿವೃತ್ತರು. ಈಗ ಲಿನೋಲಿಯಂ ಹಾಳೆ ಕೆತ್ತಿ, ಮಸಿ ಸವರಿ, ಕಾಗದದ ಮೇಲೆ ಚಿತ್ರ ಅಚ್ಚು ಹಾಕುತ್ತೇವೆ. ವೈಟ್‌ಫೀಲ್ಡಿನ ಕೆಫೆಯೊಂದಕ್ಕೆ, ಅಲ್ಲಿ ರಾತ್ರಿ ಜಾಜ್ ಸಂಗೀತ ನುಡಿಸುವವರ ಚಿತ್ರ ಬೇಕಾಗಿತ್ತು. ಗೋಡೆಗೆ ಒಂದೇ ಚಿತ್ರ. ನಮ್ಮಿಬ್ಬರಲ್ಲಿ ಯಾರದೆಂದು ಮರುದಿನ ಬೆಳಿಗ್ಗೆ ಕೆಫೆಯವರ ಆಯ್ಕೆ.

ರುದ್ರಣ್ಣನದು ಆಗಲೇ ಒಣಗಿತ್ತು. ಸ್ಯಾಕ್ಸೊಫೋನ್ ನುಡಿಸುವವ, ಸುತ್ತ ಬರೀ ಕಪ್ಪು, ಕೆನ್ನೆಯ ಮೇಲೊಂದು ಬಿಳಿ ಗೆರೆ... ಅಷ್ಟರಿಂದಲೇ ಚಿತ್ರದೊಳಗೆ ಸರಿರಾತ್ರಿ ಇಳಿದುಬಂದಿತ್ತು. ನಾನು ದಿನಾ ಐದಕ್ಕೆದ್ದು ಕೆತ್ತುವವನು. ಅವನು ಮನಸ್ಸು ಬಂದಾಗ ಕೂರುವವನು. ಆ ಗೆರೆ ನೋಡಿದಷ್ಟೂ ಹೊಟ್ಟೆ ಉರಿಯುತ್ತಿತ್ತು.

ನನ್ನ ಮೊದಲ ಅಚ್ಚು ತೆಗೆದೆ. ಅವನು ಕನ್ನಡಕ ಏರಿಸಿದ.

"ಅಯ್ಯನೋರೇ, ನಿಮ್ಮೋನು ಬಲಗೈ ಮೇಲಿಟ್ಟವ್ನಲ್ರೀ. ಇಂಗೆ ಹಿಡಿದ್ರೆ ಸ್ಯಾಕ್ಸೊಫೋನ್ ಅಲ್ಲ, ಗುದ್ದಲಿ."

ಹೌದು. ಸ್ಯಾಕ್ಸೊಫೋನಿಗೆ ಎಡಗೈ ಮೇಲಿರಬೇಕು. ಅಚ್ಚಿನಲ್ಲಿ ಎಡ ಬಲವಾಗುವುದರಿಂದ ತಿರುಗಿಸಿ ಕೆತ್ತಬೇಕು. ಅವನ ಚಿತ್ರ ನೋಡುತ್ತಾ ಕೂತವನು ಅದನ್ನೇ ಮರೆತಿದ್ದೆ.

"ಬಿಡಿ, ಬೆಳಿಗ್ಗೆ ನಂದೊಂದೇ ತಗೊಂಡೋಗಣ," ಎಂದು ಅವನು ಬೆಂಚಿನ ಮೇಲೆ ಮಲಗಿದ. ಗೊರಕೆ ಶುರುವಾಯಿತು.

ಹಟಕ್ಕೆ ಅದೇ ಕೆತ್ತನೆಗೆ ಮತ್ತೆ ಮಸಿ ಸವರಿ, ಇನ್ನೊಂದು ಕಾಗದ ಹಾಕಿ, ಚಮಚದ ಬೆನ್ನಿನಿಂದ ಉಜ್ಜಿದೆ. ಮಸಿ, ಸೀಮೆಎಣ್ಣೆಯ ವಾಸನೆ. ಮೂಲೆ ಹಿಡಿದು ಎತ್ತುವಾಗ ಕಾಗದದಡಿ ಯಾರೋ ಉಸಿರೆಳೆದುಕೊಂಡ ಸದ್ದು... ಊದುವ ಮೊದಲು ಎಳೆದುಕೊಳ್ಳುವಂಥದ್ದು.

ಗೊರಕೆ ನಿಂತಿತು.

ಅಚ್ಚಿನಲ್ಲಿ ಎಡಗೈ ಮೇಲಿತ್ತು. ನಾನು ತೆರೆದಂತೆ ಕೆತ್ತಿದ್ದ ಕಣ್ಣು ಮುಚ್ಚಿತ್ತು. ಕೆತ್ತಿದ ಲಿನೋಲಿಯಮ್ಮನ್ನು ದೀಪಕ್ಕೆ ಹಿಡಿದೆ. ಅದರಲ್ಲಿ ಏನೂ ಬದಲಾಗಿರಲಿಲ್ಲ.

ರುದ್ರಣ್ಣ ಎದ್ದು ಬಂದು ಹಿಂದೆ ನಿಂತಿದ್ದ. ಕನ್ನಡಕ ಏರಿಸಿ ಅಚ್ಚಿನ ಹತ್ತಿರ ಬಗ್ಗಿದ.

"ಇದ್ರ ಮುಂದೆ ನಂದೇನೂ ಅಲ್ಲ," ಎಂದ. ವರ್ಷಗಳಿಂದ ನಾನು ಕಾದಿದ್ದ ಮಾತು. "ಯಾರು ಮಾಡಿದ್ದು?"

"ನಾನೇ."

"ನಿಮ್ ಕೈ ನಂಗೊತ್ತಿಲ್ವಾ?" ಮೆಲ್ಲಗೆ ಕೇಳಿದ.

ಅದೇ ಕೆತ್ತನೆಯಿಂದ ಮತ್ತೊಂದು ಅಚ್ಚು ತೆಗೆದೆ. ಮತ್ತೆ ಬಲಗೈಯೇ ಮೇಲೆ, ಕಣ್ಣು ತೆರೆದೇ ಇತ್ತು.

ಅಚ್ಚಿನ ಕೆಳಗೆ ಮಾಡಿದವನು ಪೆನ್ಸಿಲಿನಲ್ಲಿ ಸಹಿ ಹಾಕುವುದು ನಮ್ಮಲ್ಲಿ ಪದ್ಧತಿ. ಎಡಗೈಯ ಅಚ್ಚಿಗೆ ಹಾಕಿದ್ದರೆ ಕೆಫೆಯ ಗೋಡೆ ನನ್ನದು. ಪೆನ್ಸಿಲ್ ಊರಿದೆ... ಮುಚ್ಚಿದ ಆ ಕಣ್ಣನ್ನು ನೋಡಿದೆ. ಹೊಟ್ಟೆಕಿಚ್ಚು ಇನ್ನೂ ಇತ್ತು, ರುದ್ರಣ್ಣನ ಮೇಲಲ್ಲ. ಯಾರ ಮೇಲೆಂದು ಇವತ್ತಿಗೂ ಹೇಳಲಾರೆ.

ರುದ್ರಣ್ಣನ ಚಿತ್ರ ಸುತ್ತಿ, ಬೆಳಿಗ್ಗೆಗೆಂದು ಅವನ ಕೈಗೆ ಕೊಟ್ಟೆ. ರೋಲರ್ ತೊಳೆದು, ಉಳಿಗಳನ್ನು ಒರೆಸಿ ಸಾಲಾಗಿಟ್ಟೆ. ಕಣ್ಣು ಮುಚ್ಚಿದ ಆ ಅಚ್ಚನ್ನು ಸಹಿಯಿಲ್ಲದೆ, ಮುಖ ಗೋಡೆಯ ಕಡೆ ಮಾಡಿ ತಂತಿಗೆ ಸಿಕ್ಕಿಸಿ, ಶೆಡ್ಡಿಗೆ ಬೀಗ ಹಾಕಿದೆ.