ತಟ್ಟೆಯ ಮೇಲಿನ ಅಂಗೈ

ದುರ್ಗಿಗುಡಿಯ ನಮ್ಮ ಪಕ್ಕದ ಮನೆಯ ಅಕ್ಕನಿಗೆ ಏನು ಬಡಿಸಲು ಹೋದರೂ ಅಂಗೈ ತಟ್ಟೆಯ ಮೇಲೆ ಬರುತ್ತಿತ್ತು. "ಬೇಡ ಮಾರಾಯ್ತಿ." ಆದರೆ ಬೆರಳುಗಳ ನಡುವೆ ಸಂದು ಬಿಟ್ಟಿರುತ್ತಿದ್ದರು. ಇನ್ನೊಂದು ಸಲ ಒತ್ತಾಯ ಮಾಡಿದರೆ ಕೈ ತಾನಾಗಿ ಸರಿಯುತ್ತಿತ್ತು. ಇದು ನಮಗೆಲ್ಲ ಗೊತ್ತಿದ್ದದ್ದೇ.

ಅವರ ಅಪ್ಪ ತೀರಿಕೊಂಡ ಮೇಲೆ ಭದ್ರಾವತಿಯ ಗದ್ದೆ ನೋಡಿಕೊಂಡವರು ಅಕ್ಕನೇ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗುತ್ತಿದ್ದರು. ಅಣ್ಣಂದಿರು ಕೊಯ್ಲಿನ ಹೊತ್ತಿಗೆ ಮುಖ ತೋರಿಸುತ್ತಿದ್ದರು.

ಊಟ, ಬೇಸಾಯ ನೋಡಿ ಕಲಿಯಲೆಂದು ಇಟಲಿಯ ಹಳ್ಳಿಗಳಿಗೆ ಹೊರಟ ರೈತರ ತಂಡದಲ್ಲಿ ಅಕ್ಕನೂ ನಾನೂ ಇದ್ದೆವು. ಮೊದಲ ದಿನ ಒಂದು ತೋಟದ ಮನೆಯೊಡತಿ ಬಿಸಿ ಬ್ರೆಡ್ಡು, ಬೀನ್ಸ್ ಸಾರು ತಂದಳು. ಅಕ್ಕನ ಅಂಗೈ ಎಂದಿನಂತೆ ತಟ್ಟೆಯ ಮೇಲೆ ಬಂತು. ಆಕೆ ನಕ್ಕು ಮುಂದಿನವರಿಗೆ ಬಡಿಸಿದಳು. ಮತ್ತೆ ಕೇಳಲೇ ಇಲ್ಲ. ನನ್ನ ಬ್ರೆಡ್ಡಿನಲ್ಲಿ ಅರ್ಧ ಕೊಡಲು ಹೋದೆ. ಅಕ್ಕ ಮುಟ್ಟಲಿಲ್ಲ.

"ಅವಳ್ದೇನು ತಪ್ಪು? ಬೇಡ ಅಂದಿದ್ದು ನಾನೇ ಅಲ್ವಾ?"

ಮರುದಿನದಿಂದ ಮೊದಲ ಸಲಕ್ಕೇ ತಟ್ಟೆ ಚಾಚಿದರು.

ಊರಿಗೆ ಬಂದ ವಾರದಲ್ಲೇ ಅಣ್ಣಂದಿರು ಆಸ್ತಿ ಪಾಲಿನ ಮಾತೆತ್ತಿಕೊಂಡು ಅಕ್ಕನ ಮನೆಗೆ ಬಂದರು. ನಾನೂ ಅಲ್ಲೇ ಇದ್ದೆ. ಹಿರಿಯಣ್ಣ ಕಾಫಿ ಕುಡಿಯುತ್ತಾ, ಉತ್ತರ ಗೊತ್ತಿದ್ದವರ ಹಾಗೆ ಕೇಳಿದರು: "ನಿಂಗೆ ಗದ್ದೇಲಿ ಪಾಲು ಗೀಲು ಏನೂ ಬೇಡ ಅಲ್ವೇನಮ್ಮಾ?"

"ಬೇಕು ಅಣ್ಣ."

ಅವರು ಲೋಟ ಕೆಳಗಿಟ್ಟು ಇನ್ನೊಂದು ಸಲ ಕೇಳಿದರು.

"ಬೇಕು," ಅಂದರು ಅಕ್ಕ. ಅಂಗೈ ಮಡಿಲಲ್ಲೇ ಇತ್ತು. ಬೆರಳುಗಳ ನಡುವೆ ಸಂದು ಇರಲಿಲ್ಲ.