ಮಾವನ ಬದಲು ಹೇಳಿದ ಉತ್ತರಗಳು

ಮಲ್ಲಿಕಾ ಹುಟ್ಟಿದ್ದು ಮುಂಬೈ ಕಡೆಯ ವಿಠ್ಠಲವಾಡಿಯ ಒಂದು ಚಾಳಿನಲ್ಲಿ, ಸೊಸೆಯಾಗಿ ಹೋದದ್ದು ಅದೇ ವಿಠ್ಠಲವಾಡಿಯ ಇನ್ನೊಂದು ಚಾಳಿಗೆ. ನಡುವೆ ಇದ್ದದ್ದು ರೈಲಿನ ಹಳಿ ಮಾತ್ರ. ಆದರೆ ಹಳಿಯ ಆ ಕಡೆಗೆ ಹೋದ ದಿನವೇ ತಲೆಯ ಮೇಲೆ ಸೆರಗು ಬಂತು. ಅತ್ತೆ ಮರಗಮ್ಮ ಲಿಂಗಸುಗೂರಿನಿಂದ ಬರುವಾಗ ಗಂಟಿನ ಜೊತೆ ಕಟ್ಟಳೆಗಳನ್ನೂ ಕಟ್ಟಿಕೊಂಡು ಬಂದಿದ್ದಳು. ಮಾವ ಕುಳಿತಲ್ಲಿ ಸೊಸೆ ಕೂಡಬಾರದು. ಮಾವನ ಮುಖ ನೋಡಿ ಮಾತಾಡಬಾರದು. ಹೇಳುವುದಿದ್ದರೆ ಅತ್ತೆಗೆ ಹೇಳಬೇಕು, ಅತ್ತೆ ಮಾವನಿಗೆ ಮುಟ್ಟಿಸುತ್ತಾಳೆ. ಹತ್ತಡಿಯ ಒಂದೇ ಖೋಲಿಯಲ್ಲಿ ಮಲ್ಲಿಕಾ ಆರು ವರ್ಷ ಹೀಗೆಯೇ ಕಳೆದಳು.

ನಸುಕಿನಲ್ಲಿ ನಳದ ಸಾಲು, ಆಮೇಲೆ ರೊಟ್ಟಿ, ಆಮೇಲೆ ಲೋಕಲ್ ಹಿಡಿದು ಠಾಣೆಗೆ. ಅಲ್ಲಿ ಬಲ್ಬಿನ ಕಾರ್ಖಾನೆಯಲ್ಲಿ ಎಂಟು ತಾಸು ನಿಂತೇ ಪ್ಯಾಕಿಂಗ್. ಸಂಜೆ ಬಂದರೆ ಮತ್ತೆ ರೊಟ್ಟಿ. ಗಂಡ ಅಂಬಾದಾಸ ನವೀ ಮುಂಬೈಯ ಕಟ್ಟಡಗಳ ಕೆಲಸದಲ್ಲಿದ್ದ. ಅಲ್ಲೇ ಶೆಡ್ಡಿನಲ್ಲಿ ಉಳಿದು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ಹೀಗಾಗಿ ಮನೆಯಲ್ಲಿ ಓದುಬರಹ ಬಲ್ಲವಳು, ಆಫೀಸು ಆಸ್ಪತ್ರೆಗಳಲ್ಲಿ ಮರಾಠಿ ಮಾತಾಡಬಲ್ಲವಳು ಮಲ್ಲಿಕಾ ಒಬ್ಬಳೇ.

ಮಾವ ಯಂಕಣ್ಣ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಹಮಾಲ. ಈರುಳ್ಳಿ ಮೂಟೆ ಹೊತ್ತೂ ಹೊತ್ತೂ ಅವನ ಬೆನ್ನಿಗೆ ಅದೇ ವಾಸನೆ ಹತ್ತಿತ್ತು. ಸಕ್ಕರೆ ರೋಗ ಬಂದು ಹನ್ನೆರಡು ವರ್ಷವಾಗಿತ್ತು. ತೊಂಬತ್ತೈದರ ಮಳೆಗಾಲದಲ್ಲಿ ಆಸ್ಪತ್ರೆಯವರು, ಇನ್ನು ಗುಳಿಗೆ ಸಾಲದು, ದಿನವೂ ಇನ್ಸುಲಿನ್ ಸೂಜಿ ಬೇಕು ಎಂದರು. ಸೂಜಿ ಹಿಡಿದವನು ಮತ್ತೆ ಮೂಟೆಗೆ ಬರುವುದಿಲ್ಲ ಎಂದು ಹಮಾಲರು ನಂಬಿದ್ದರು. ಯಂಕಣ್ಣ ಸೂಜಿಯ ಮಾತನ್ನು ಅಲ್ಲೇ ಬಿಟ್ಟು ಬಂದ. ಅದೇ ಹೊತ್ತಿಗೆ ನೆರೆಯ ಚಂದವ್ವ, ಡೊಂಬಿವಲಿಯ ಹೋಮಿಯೋಪಥಿ ಡಾಕ್ಟರು ತನ್ನ ತಮ್ಮನ ತುರಿಕೆ ವಾಸಿ ಮಾಡಿದ ಕತೆಯನ್ನು ನಳದ ಹತ್ತಿರ ಹೇಳಿದಳು. ಸೂಜಿಯಿಲ್ಲ, ಕಹಿಯಿಲ್ಲ, ಸಾಬೂದಾಣಿಯಂಥ ಸಿಹಿ ಗುಳಿಗೆ.

ದಸರೆ ಮುಗಿದ ಮೇಲೆ ಒಂದು ಶುಕ್ರವಾರ, ಕಾರ್ಖಾನೆಯ ರಜೆಯ ದಿನ, ಮಲ್ಲಿಕಾ ಮಾವನನ್ನು ಕರೆದುಕೊಂಡು ಹೋದಳು. ಡಾಕ್ಟರ್ ಟಿಪ್ನಿಸ್ ವಯಸ್ಸಾದವರು, ಆತುರವಿಲ್ಲದವರು. ಹನ್ನೆರಡು ವರ್ಷದ ರೋಗವನ್ನು ಓಡಿಸುತ್ತೇನೆಂದು ತಾನು ಹೇಳುವುದಿಲ್ಲ, ಆಸ್ಪತ್ರೆಯ ಗುಳಿಗೆ ಬಿಡಬಾರದು ಎಂದು ಮೊದಲೇ ಹೇಳಿದರು. ಆಮೇಲೆ ನಾಲ್ಕು ಪುಟದ ಒಂದು ಫಾರಂ ತೆಗೆದರು. ತಮ್ಮ ಔಷಧ ರೋಗ ನೋಡಿ ಕೊಡುವಂಥದ್ದಲ್ಲ, ಮನುಷ್ಯನನ್ನು ನೋಡಿ ಕೊಡುವಂಥದ್ದು. ಉತ್ತರ ತಪ್ಪಿದರೆ ಔಷಧವೂ ತಪ್ಪುತ್ತದೆ ಎಂದರು.

ಬಾಯಾರಿಕೆ ಎಷ್ಟು, ಬೆವರು ಎಲ್ಲಿ ಎಂಬಲ್ಲಿಯವರೆಗೆ ತೊಂದರೆಯಾಗಲಿಲ್ಲ. ಆಮೇಲಿನ ಪ್ರಶ್ನೆಗಳು ಬೇರೆ ಥರದವು. ಇವರಿಗೆ ಯಾವುದರ ಭಯ? ಅಳು ಬರುತ್ತದೆಯೆ? ಕನಸಿನಲ್ಲಿ ಏನು ಕಾಣುತ್ತದೆ? ಹೆಂಡತಿಯೊಂದಿಗೆ ಹೇಗಿದ್ದಾರೆ? ಯಂಕಣ್ಣನ ಮರಾಠಿ ಮೂಟೆ ಎತ್ತಲು, ಇಳಿಸಲು ಸಾಕಾಗುವಂಥದ್ದು. ಅವನು ಗೋಡೆಯ ಕಡೆ ತಿರುಗಿ, "ನೀನ ಹೇಳವಾ, ನಿನಗೆಲ್ಲಾ ಗೊತ್ತದ" ಎಂದ.

ಅವಳಿಗೆ ಏನೂ ಗೊತ್ತಿರಲಿಲ್ಲ. ಕುರ್ಚಿಯ ಹಿಂದೆ ನಿಂತಿದ್ದ ಮಲ್ಲಿಕಾಳ ಬಾಯಿಂದ ಆ ಪ್ರಶ್ನೆಗಳು ಮಾವನ ಕಡೆ ಹೊರಡಲೇ ಇಲ್ಲ. ತಾನೇ ಉತ್ತರ ಕೊಡುತ್ತ ಹೋದಳು. ಭಯವಿಲ್ಲ. ಅಳುವುದಿಲ್ಲ. ಕನಸಿನಲ್ಲಿ ಊರು ಕಾಣುತ್ತದೆ. ಹೆಂಡತಿಯೊಂದಿಗೆ ಚೆನ್ನಾಗಿದ್ದಾರೆ. ಆಸ್ಪತ್ರೆಯ ಗುಳಿಗೆ ತಪ್ಪದೆ ನುಂಗುತ್ತಾರೆ. ಇದೊಂದನ್ನು ಮಾತ್ರ ಧೈರ್ಯದಿಂದ ಹೇಳಿದಳು, ಏಕೆಂದರೆ ದೇವರ ಗೂಡಿನಲ್ಲಿದ್ದ ಗುಳಿಗೆಯ ಪಟ್ಟಿಗಳು ಖಾಲಿಯಾಗುತ್ತಿದ್ದುದನ್ನು ದಿನವೂ ನೋಡುತ್ತಿದ್ದಳು. ಡಾಕ್ಟರು ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ಬರೆದುಕೊಂಡರು. ಹಸಿ ಈರುಳ್ಳಿ ತಿನ್ನಬಾರದು, ಅದರಿಂದ ದೂರ ಇರಬೇಕು ಎಂದಾಗ ಮಾತ್ರ ಯಂಕಣ್ಣನಿಗೆ ನಗು ಬಂತು.

ಮೂರು ತಿಂಗಳು ಸಿಹಿ ಗುಳಿಗೆ ನಡೆಯಿತು. ಸಕ್ಕರೆ ಬೇನೆಗೆ ಸಕ್ಕರೆಯನ್ನೇ ತಿನ್ನುತ್ತಾನೆಂದು ಹಮಾಲರು ಆಡಿಕೊಂಡರು. ಸಂಕ್ರಾಂತಿಯ ಹೊತ್ತಿಗೆ ಬಲಗಾಲಿನ ಕಿರುಬೆರಳಲ್ಲಿ ಚಪ್ಪಲಿ ಕಚ್ಚಿದ ಗಾಯವಾಯಿತು. ಅದು ಮಾಯಲಿಲ್ಲ. ಬೆರಳು ಕಪ್ಪಾಗತೊಡಗಿದಾಗ ಮಲ್ಲಿಕಾ ಮತ್ತೆ ಡೊಂಬಿವಲಿಗೆ ಕರೆದುಕೊಂಡು ಹೋದಳು. ರಕ್ತ ಪರೀಕ್ಷೆಯ ಚೀಟಿ ನೋಡಿದ ಡಾಕ್ಟರು ಫಾರಂನ ಪುಟಗಳನ್ನು ಹಿಂದೆ ಮುಂದೆ ತಿರುವಿದರು.

"ಗುಳಿಗೆ ನುಂಗುವವರ ಸಕ್ಕರೆ ಇಷ್ಟು ಏರಬಾರದು," ಎಂದರು. "ನನಗೆ ಹೇಳಿದ್ದರಲ್ಲಿ ಏನೋ ಸರಿಯಿಲ್ಲ. ಈ ಕಾಲು ಉಳಿಯಬೇಕಾದರೆ ಅದು ನನಗೆ ಇವತ್ತೇ ಗೊತ್ತಾಗಬೇಕು."

ಮಲ್ಲಿಕಾ ಮಾವನನ್ನು ಎಬ್ಬಿಸಿಕೊಂಡು ಹೊರಗೆ ಬಂದು ಸ್ಟೇಷನ್ನಿನವರೆಗೂ ನಡೆದಳು. ಆ ನಾಲ್ಕು ಪುಟಗಳು ಮಾವನವಲ್ಲ, ತನ್ನವು. ಕಾಲು ಹೋದರೆ ತನ್ನಿಂದಲೇ ಹೋಗುತ್ತದೆ ಎಂದುಕೊಂಡಳು.

ಬಂದ ಎರಡು ಲೋಕಲ್ ಗಾಡಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಂಕಣ್ಣ ಬೆಂಚಿನ ಮೇಲೆ ಕುಳಿತ. ಮಲ್ಲಿಕಾ ಸ್ವಲ್ಪ ಹೊತ್ತು ಕಂಬಕ್ಕೆ ಆತು ನಿಂತಳು. ಆಮೇಲೆ ಬಂದು ಅದೇ ಬೆಂಚಿನ ಮೇಲೆ, ಅವನ ಪಕ್ಕದಲ್ಲೇ ಕುಳಿತಳು.

"ಮಾವಾ, ಡಾಕ್ಟರು ಕೇಳಿದ್ದು ನಾ ನಿಮಗ ಕೇಳಲೇ ಇಲ್ರಿ. ನಾನ ಎಲ್ಲಾ ಹೇಳಿಬಿಟ್ಟೆ."

"ಗೊತ್ತದ," ಎಂದ ಯಂಕಣ್ಣ. "ಕನಸಿನ್ಯಾಗ ಊರು ಬರ್ತದ ಅಂದಿ. ಅಷ್ಟು ಮರಾಠಿ ನನಗೂ ತಿಳಿತದ. ಛಲೋ ಹೇಳಿದಿ ಅಂತ ಸುಮ್ಮನಾದೆ."

"ಮತ್ತ ಏನು ಬರ್ತದ್ರಿ?"

ವೇಗದ ಗಾಡಿಯೊಂದು ನಿಲ್ಲದೆ ಹೋಯಿತು. ಅದರ ಸದ್ದು ಅಡಗಿದ ಮೇಲೆ, "ಬೀಳೋದು," ಎಂದ. "ಲಾರಿ ಹಲಗಿ ಮ್ಯಾಲಿಂದ. ಮೂಟಿ ಸಮೇತ."

ಒಂದೊಂದಾಗಿ ಬಿಡಿಸಿ ಹೇಳಿದ. ದಸರೆಗೆ ಮೊದಲು ಒಮ್ಮೆ ನಿಜವಾಗಿಯೂ ಬಿದ್ದಿದ್ದ. ಬೆಳಿಗ್ಗೆ ಬರೀ ಚಹಾದ ಮೇಲೆ ಗುಳಿಗೆ ನುಂಗಿ ಹೋದರೆ ಹತ್ತು ಗಂಟೆಗೆ ಕೈ ನಡುಗಿ, ಮೈ ಬೆವತು, ಕಣ್ಣು ಕತ್ತಲೆ ಬರುತ್ತಿತ್ತು. ಇನ್ನೊಮ್ಮೆ ಬಿದ್ದರೆ ಮನೆಯಲ್ಲಿ ಕೂಡು ಎಂದು ಹಮಾಲರ ಮೇಲ್ವಿಚಾರಕ ಮುಕಾದಮ ಎಚ್ಚರಿಸಿದ್ದ. ಅವತ್ತಿನಿಂದ ಗುಳಿಗೆ ಬಿಟ್ಟ.

"ಪಟ್ಟಿ ಖಾಲಿ ಆಗ್ತಾವಲ್ರಿ?"

"ದಿನಾ ಎರಡು ಬಿಚ್ಚಿ ಗಟಾರಕ್ಕ ಒಗೀತೀನಿ. ನಿಮ್ಮತ್ತಿ ಎಣಿಸ್ತಾಳ."

ಮಲ್ಲಿಕಾಳಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ಶಕ್ತಿ ಬೇಕು. ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದು, ಅವನ ರಟ್ಟೆಗೆ ಕೈಕೊಟ್ಟು ಎಬ್ಬಿಸಿದಳು. ಸೊಸೆ ಮಾವನನ್ನು ಹಿಡಿದುಕೊಂಡು ಸ್ಟೇಷನ್ನಿನ ಸೇತುವೆಯ ಮೆಟ್ಟಿಲನ್ನು ಮತ್ತೆ ಹತ್ತಿ ಡಾಕ್ಟರ ಬಳಿಗೆ ತಿರುಗಿದಳು. ಆ ಗದ್ದಲದಲ್ಲಿ ಯಾರೂ ಅವರನ್ನು ನೋಡಲಿಲ್ಲ.

ಡಾಕ್ಟರು ಪೂರ್ತಿ ಕೇಳಿ ಪೆನ್ನು ಮುಚ್ಚಿದರು. ತಪ್ಪು ತನ್ನದೂ ಹೌದು, ಸೊಸೆಯನ್ನು ಹೊರಗೆ ಕಳಿಸಿ ಕೈಸನ್ನೆಯಲ್ಲಾದರೂ ತಾನೇ ಕೇಳಬೇಕಿತ್ತು ಎಂದರು. ಸಿಹಿ ಗುಳಿಗೆ ಕೊಡಲಿಲ್ಲ. ಠಾಣೆಯ ದೊಡ್ಡಾಸ್ಪತ್ರೆಗೆ ಚೀಟಿ ಬರೆದು, "ಮನೆಗೆ ಹೋಗಬೇಡಿ, ಇಲ್ಲಿಂದಲೇ ಹೋಗಿ" ಎಂದರು.

ಆಸ್ಪತ್ರೆಯಲ್ಲಿ ಹದಿನೆಂಟು ದಿನ. ಕಿರುಬೆರಳು ಹೋಯಿತು, ಕಾಲು ಉಳಿಯಿತು. ಮೂಟೆಯ ಕೆಲಸವೂ ಹೋಯಿತು. ಮುಕಾದಮ ಅವನನ್ನು ಖಾಲಿ ಗೋಣಿಚೀಲ ಹೊಲಿಯಲು ಕೂಡಿಸಿದ. ಸೂಜಿ ಬಂತು. ಅದನ್ನು ಚುಚ್ಚುವವರು ಯಾರು? ಮರಗಮ್ಮನ ಕಣ್ಣಿಗೆ ಸಿರಿಂಜಿನ ಗೆರೆಗಳು ಕಾಣುವುದಿಲ್ಲ. ಯಂಕಣ್ಣನ ಕೈ ತನ್ನ ಮೈಗೆ ತಾನೇ ಏಳುವುದಿಲ್ಲ. ಮಲ್ಲಿಕಾಳೇ ಚುಚ್ಚತೊಡಗಿದಳು. ಮಾವನ ಮೈಯನ್ನು ಸೊಸೆ ಮುಟ್ಟುವುದೆ ಎಂದು ಮರಗಮ್ಮ ಒಂದು ವಾರ ಮೋರೆ ತಿರುಗಿಸಿದಳು. ಎರಡನೆಯ ವಾರ ತಾನೇ ಅವನ ಅಂಗಿಯ ತೋಳು ಮಡಚಿ ಹಿಡಿದಳು.

ಈಗ ಬೆಳಿಗ್ಗೆ ನೀರು ತುಂಬಿದ ಮೇಲೆ ಮಲ್ಲಿಕಾ ತಂಪಿಗೆಂದು ಹಸಿ ಮರಳಿನ ಮಡಕೆಯಲ್ಲಿಟ್ಟ ಇನ್ಸುಲಿನ್ ಸೀಸೆ ತೆಗೆಯುತ್ತಾಳೆ. ಸೂಜಿ ಹಾಕಿದ ಅರ್ಧ ತಾಸಿಗೆ ಅವನು ಉಣ್ಣಲೇಬೇಕು. ಉಣ್ಣದೆ ಹೊರಟಾನೆಂದು ಅವಳು ರೊಟ್ಟಿ ಬಡಿಸಿ, ಬಾಗಿಲಿಗೆ ಅಡ್ಡ ಕೂತು, ಅವನ ಮುಖವನ್ನೇ ನೋಡುತ್ತಿರುತ್ತಾಳೆ. ಯಂಕಣ್ಣ ನಿಧಾನಕ್ಕೆ ಅಗಿಯುತ್ತಾನೆ.

"ನಿನ್ನ ಗಾಡಿ ಹೋತವಾ," ಎನ್ನುತ್ತಾನೆ.

"ಹೋಗ್ಲಿ ಬಿಡ್ರಿ. ಇನ್ನೊಂದು ಅರ್ಧ ಅದ, ಅದನ್ನೂ ತಿನ್ರಿ."