ಆಣೆಯ ದಿನ ಶಿವಗಂಗಮ್ಮ ಬೇಲಿಯ ಹೊರಗಿದ್ದಳು

ಶಿವಗಂಗಮ್ಮ ಎಂಬುವಳು ಈ ಭೂಮಿಯ ಮೇಲೆ ಇದ್ದಾಳೆಂದು ನನಗೆ ಗೊತ್ತಾದದ್ದು ಅವಳ ಅಳುವಿನಿಂದ. ತೊಂಬತ್ತೊಂದನೇ ಇಸವಿ, ಶೇಂಗಾ ಕೀಳುವ ಕಾಲ. ಮಧ್ಯಾಹ್ನ ನಾನು ಅಂಬಲಿ ಗಡಿಗೆ ಹೊತ್ತು ಬೇಲಿ ದಾಟುವಾಗ ಆಚೆಯ ಗುಡಿಸಲಿನಿಂದ ಕುರಿಮರಿ ಒದರಿದ ಹಾಗೆ ಒಂದು ದನಿ ಬಂತು. ಜುಂಜಣ್ಣನ ಹೆಂಡತಿ ಈರಕ್ಕ ಒಬ್ಬಳೇ ಹೆತ್ತಿದ್ದಳು.

ನಮ್ಮ ಹಟ್ಟಿ ಬಬ್ಬೂರಿನಿಂದ ಮೂರು ಮೈಲಿ. ಕುರಿ ಕಾಯುವವರು ನಾವು. ಹಟ್ಟಿಯ ಸುತ್ತ ಮುಳ್ಳಿನ ಬೇಲಿ, ಒಳಗೆ ದೇವರ ಗುಡಿ. ಹೆತ್ತವಳು, ಮುಟ್ಟಾದವಳು ಬೇಲಿಯೊಳಗೆ ಇರಬಾರದು, ದೇವರಿಗೆ ಮೈಲಿಗೆ ಎಂದು ಹಿರಿಯರ ಕಟ್ಟಳೆ. ಅವರು ಆಚೆಯ ಗುಡಿಸಲಿನಲ್ಲಿ ದಿನ ಕಳೆಯಬೇಕು. ನನಗೆ ಗಂಡ ಸತ್ತಿದ್ದ, ಮುಟ್ಟೂ ನಿಂತಿತ್ತು. ಹಾಗಾಗಿ ಹೊರಗೆ ಕುಳಿತವರಿಗೆ ಊಟ ನೀರು ಒಯ್ಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಯಾರು ಹೊರಗಾದರು, ಯಾರು ಒಳಗೆ ಬರಬಹುದು ಎಂದು ಯಜಮಾನರಿಗೆ ಹೇಳುವವಳೂ ನಾನೇ.

ಆ ಕೂಸು ಬೆಳೆದು ಚಿತ್ರದುರ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಕಾಲೇಜು ಓದಿತು. ಎತ್ತರದ ಹುಡುಗಿ, ಮಾತು ಕಡಿಮೆ, ನಕ್ಕರೆ ಮಾತ್ರ ಹಟ್ಟಿಗೆಲ್ಲ ಕೇಳಬೇಕು. ಹೊಸದುರ್ಗದ ಕಡೆಯ ನಮ್ಮವರ ಹುಡುಗ ದುರುಗಣ್ಣ ಬೆಂಗಳೂರಿನ ಒಂದು ವಿಮಾನದ ಕಂಪನಿಯಲ್ಲಿದ್ದ. ವಿಮಾನದೊಳಗೆ ಕೆಲಸ ಮಾಡುವ ಹುಡುಗ ಹುಡುಗಿಯರಿಗೆ ಅವನೇ ಮೇಲಿನವನು. ಯಾರಿಗೆ ಯಾವ ವಿಮಾನ, ಯಾರಿಗೆ ರಜೆ ಎಂದು ಬರೆಯುವವನೂ ಅವನೇ. ಅವನೇ ಹೇಳಿ ಇವಳಿಗೆ ಆ ಕೆಲಸ ಕೊಡಿಸಿದ. ಜುಂಜಣ್ಣ ಮೊದಲು ಒಪ್ಪಲಿಲ್ಲ. ಆಮೇಲೆ, "ನಮ್ಮ ಹುಡುಗನೇ ಮ್ಯಾಲೆ ಅವ್ನೆ, ಅಣ್ಣನಂಗೆ ನೋಡ್ಕಂತಾನೆ" ಎಂದು ಕಳಿಸಿದ.

ಮೊದಲನೇ ಸಲ ರಜೆಗೆ ಬಂದಾಗ ನಾನೇ ಕೇಳಿದೆ.

"ವಿಮಾನದಾಗೆ ಏನ್ ಮಾಡ್ತೀಯೇ?"

"ಊಟ ಕೊಡ್ತೀನಿ, ನೀರು ಕೊಡ್ತೀನಿ. ಅಲ್ಲಾಡಿದ್ರೆ ಸುಮ್ಕೆ ಕುಂತ್ಕಳ್ರಿ ಅಂತೀನಿ."

"ಹಂಗಾರೆ ನನ್ ಕೆಲ್ಸಾನೇ."

"ಹೂಂ ತಿಪ್ಪಜ್ಜಿ, ನಿಂಗೆ ಸಂಬಳ ಇಲ್ಲ ಅಷ್ಟೇ."

ಹಾಗೆ ನಕ್ಕಿದ್ದಳು. ಆ ನಗೆ ನಾನು ಕೇಳಿದ್ದು ಇನ್ನೊಂದೆರಡು ವರ್ಷ ಮಾತ್ರ.

ಎರಡು ಸಾವಿರದ ಹದಿನೇಳು, ಸಂಕ್ರಾಂತಿ ಕಳೆದು ಹತ್ತು ದಿನವಾಗಿತ್ತು. ಹೇಳದೆ ಕೇಳದೆ ಬಂದಳು. ಮನೆಗೂ ಹೋಗಲಿಲ್ಲ, ಬಸ್ಸಿಳಿದು ನೇರ ಆಚೆಯ ಗುಡಿಸಲಿಗೆ. ಹೊರಗಾಗಿದ್ದಾಳೆಂದು ನಾನು ಮುದ್ದೆ ಒಯ್ದೆ. ಒಂದು ತುತ್ತು ಮುರಿದು ಹಾಗೇ ಹಿಡಿದುಕೊಂಡಿದ್ದಳು. ಸಾರು ಆರಿತು. ಮೂರನೇ ದಿನ ಬಾಯಿ ಬಿಟ್ಟಳು.

"ನಂಗೆ ಮುಟ್ಟಾಗಿಲ್ಲ, ಅಜ್ಜಿ. ಇಲ್ಲಾದ್ರೆ ಯಾರೂ ಮುಟ್ಟಂಗಿಲ್ಲ ಅಂತ ಬಂದು ಕುಂತೆ."

ಆಮೇಲೆ ಹೇಳಿದಳು. ಬೆಳಿಗ್ಗೆ ವಿಮಾನ ಯಾವುದೋ ದೂರದ ಊರಿಗೆ ಹೋಗಿ ಇಳಿದಿತ್ತು. ಮರುದಿನದವರೆಗೆ ಅವರನ್ನೆಲ್ಲ ಒಂದು ಹೋಟೆಲಿನಲ್ಲಿ ಇಳಿಸುತ್ತಾರೆ. ಆ ಸಲ ಅದೇ ವಿಮಾನದಲ್ಲಿ ಹೋಗಿದ್ದ ದುರುಗಣ್ಣ ಮಧ್ಯಾಹ್ನ ಅವಳ ಕೋಣೆಯ ಬಾಗಿಲು ತಟ್ಟಿದ. ಮುಂದಿನ ವಾರದ ಡ್ಯೂಟಿಯ ಚೀಟಿ ಕೈಯಲ್ಲಿತ್ತು. ಅಣ್ಣ ಎಂದು ಬಾಗಿಲು ತೆಗೆದಳು. ಅವಳು ಬೇಡವೆಂದದ್ದು, ಅವನು ಬಾಯಿ ಮುಚ್ಚಿದ್ದು, ಆಮೇಲೆ ಆದದ್ದು ಎಲ್ಲವನ್ನೂ ನನಗೆ ಹೇಳಿದಳು. ಅದನ್ನು ನಾನು ಇಲ್ಲಿ ಬಿಡಿಸಿ ಬರೆಯುವುದಿಲ್ಲ. ಹೋಗುವಾಗ ಅವನು ಆ ಚೀಟಿಯನ್ನು ಮೇಜಿನ ಮೇಲೆ ಇಟ್ಟು, ಅದರ ಮೇಲೆ ನೀರಿನ ಬಾಟಲಿ ಇಟ್ಟನಂತೆ, ಗಾಳಿಗೆ ಹಾರದಿರಲಿ ಎಂದು. ಆ ಮಾತನ್ನು ಎರಡು ಸಲ ಹೇಳಿದಳು.

"ಕಂಪನಿಯಾಗೆ ಇಂಥದ್ದು ಕೇಳಾಕೆ ಒಂದು ಕಮಿಟಿ ಐತೆ. ಬರೆದು ಕೊಡ್ತೀನಿ. ಅಪ್ಪಂಗೆ ಒಂದ್ ಮಾತು ಹೇಳಿ ಕೊಡ್ತೀನಿ" ಅಂದಳು.

ಅಪ್ಪನಿಗೆ ಹೇಳಿದಳು. ಜುಂಜಣ್ಣ ಕೆಟ್ಟವನಲ್ಲ. ಮಗಳ ಮಾತು ಕೇಳಿ ಎರಡು ದಿನ ಕುರಿ ಹಿಂದೆ ಹೋಗಲಿಲ್ಲ. ಆದರೆ ಅವನಿಗೆ ಗೊತ್ತಿದ್ದ ನ್ಯಾಯ ಒಂದೇ. ದುರುಗಣ್ಣನ ದೊಡ್ಡಪ್ಪ ಕೆಂಚಣ್ಣನಿಗೆ ಹೇಳಿ ಕಳಿಸಿದ. ಕೆಂಚಣ್ಣ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ.

"ನಮ್ ಹುಡುಗ ಇಲ್ಲ ಅಂತಾನೆ, ನಿಮ್ ಹುಡುಗಿ ಹೌದು ಅಂತಾಳೆ. ಕಂಪನಿ ಕಾಗದ ಯಾಕ್ರಿ? ನಮ್ ದೇವ್ರಿಗೆ ಕಣ್ಣಿಲ್ಲೇನು? ಇಬ್ರೂ ಕರ್ಪೂರ ಹಿಡ್ದು ಆಣೆ ಮಾಡ್ಲಿ. ಮೂರು ತಿಂಗಳು ನೋಡಾಣ. ಸುಳ್ಳು ಹೇಳಿದೋರ ಮನಿಗೆ ಕೇಡು ಬರ್ತೈತೆ, ಅವಾಗ ಕಾಣ್ತೈತೆ."

ನಮ್ಮಲ್ಲಿ ಗಡಿಯ ಜಗಳ, ಕುರಿ ಕಳವು ಎಲ್ಲ ಹೀಗೇ ತೀರಿದ್ದು. ಜುಂಜಣ್ಣ ಮಗಳ ತಲೆಯ ಮೇಲೆ ಕೈಯಿಟ್ಟು ಹೇಳಿದ: "ಮೂರು ತಿಂಗಳು ಎಲ್ಲೂ ಕಾಗದ ಕೊಡಬ್ಯಾಡ. ಕೊಟ್ರೆ ದೇವ್ರನ್ನ ನಂಬಲಿಲ್ಲ ಅಂತಾಗ್ತೈತೆ." ಅವಳು ಒಪ್ಪಿದಳು. ಆಣೆ ಮಾಡಲು ಅವಳಿಗೆ ಹೆದರಿಕೆ ಇರಲಿಲ್ಲ. "ಸುಟ್ರೆ ಸುಡ್ಲಿ ಕೈ" ಎಂದಳು ನನ್ನ ಹತ್ತಿರ.

ಶಿವರಾತ್ರಿ ಮುಗಿದ ಮೇಲಿನ ಸೋಮವಾರ ಗೊತ್ತುಮಾಡಿದರು. ಆ ದಿನ ಬೆಳಿಗ್ಗೆ ನಾನು ಅವಳಿಗೆ ತಲೆಗೆ ನೀರು ಹಾಕಲು ಹೋದೆ. ಬಚ್ಚಲಲ್ಲಿ ನನ್ನ ಮೊಣಕೈ ಹಿಡಿದುಕೊಂಡಳು.

"ಅಜ್ಜಿ, ಈಗ ನಿಜಕ್ಕೂ ಆಗೈತೆ."

ನಾನು ಚೆಂಬು ಕೆಳಗಿಟ್ಟೆ.

"ಯಾರಿಗೂ ಹೇಳಬ್ಯಾಡ. ಒಂದು ಗಳಿಗೆ ನಿಂತು ಬರ್ತೀನಿ. ನಾನಿಲ್ದೇ ಹೋದ್ರೆ ಅವ್ನು ಒಬ್ನೇ ಹೇಳ್ತಾನೆ. ಅವನ ಮಾತು ಒಂದೇ ಉಳೀತೈತೆ."

ಹೇಳುವುದಿಲ್ಲ ಎಂದೆ ನಾನು. ಹೊರಗೆ ಬಂದೆ. ಗುಡಿಯ ಮುಂದೆ ಹಿರಿಯರು ಕಂಬಳಿ ಹಾಸುತ್ತಿದ್ದರು. ಹಿಂದಿನ ಮಳೆಗಾಲದಲ್ಲಿ ರೋಗ ಬಂದು ಹಟ್ಟಿಯ ನಲವತ್ತು ಕುರಿ ಒಂದೇ ವಾರದಲ್ಲಿ ಸತ್ತಿದ್ದವು. ಯಾರೋ ಹೊರಗಾದವಳು ಒಳಗಿದ್ದಳು, ತಿಪ್ಪಕ್ಕ ನೋಡಿಕೊಳ್ಳಲಿಲ್ಲ ಎಂದು ನನ್ನ ಮೇಲೇ ಮಾತು ಬಂದಿತ್ತು. ಅವಳು ಆ ಮೈಯಲ್ಲಿ ಗುಡಿಯ ಹೊಸ್ತಿಲು ದಾಟಿದರೆ ಈ ಸಲ ಕುರಿಯಷ್ಟೇ ಸಾಯುವುದಿಲ್ಲ ಎಂದುಕೊಂಡೆ. ನಾನು ಜುಂಜಣ್ಣನ ಕಿವಿಯಲ್ಲಿ ಹೇಳಿಬಿಟ್ಟೆ.

ಅವಳು ಸುಳ್ಳೇ ಹೊರಗೆ ಕುಳಿತದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ನಿಜವಾಗಿ ಹೊರಗಾದದ್ದನ್ನು ಮಾತ್ರ ಹೇಳಿದೆ. 

ಅವಳನ್ನು ಬೇಲಿಯ ಆಚೆ ಕಳಿಸಿದರು. ದುರುಗಣ್ಣ ಒಬ್ಬನೇ ಆಣೆ ಮಾಡಿದ. ಬಿಳಿ ಪಂಚೆ, ಒದ್ದೆ ತಲೆ. ಅಂಗೈಯಲ್ಲಿ ಕರ್ಪೂರ ಉರಿಯುತ್ತಿತ್ತು, ಕೈ ಅಲುಗಲಿಲ್ಲ. ಬೇಲಿಯ ಆಚೆ ಶಿವಗಂಗಮ್ಮ ಮುಳ್ಳಿಗೆ ಮುಖ ತಾಗುವಷ್ಟು ಹತ್ತಿರ ಬಂದು ನಿಂತಿದ್ದಳು. "ನಾನು ಇಲ್ಲಿಂದಾನೆ ಹೇಳ್ತೀನಿ" ಎಂದು ಕೂಗಿದಳು. ಯಾರೂ ತಿರುಗಲಿಲ್ಲ. ಕೆಂಚಣ್ಣ ಎದ್ದು ಪಂಚೆಯ ಮಣ್ಣು ಕೊಡವಿಕೊಂಡು ಒಂದೇ ಮಾತು ಹೇಳಿದ: "ಇವತ್ತೇ ಯಾಕಾಗಬೇಕಿತ್ತು? ದೇವ್ರೇ ತಡೆದ, ಬಿಡ್ರಿ."

ಆ ಮಾತು ಹಟ್ಟಿಯಲ್ಲಿ ನೆಲೆಯೂರಿತು. ನೀರಿನ ಟ್ಯಾಂಕಿನ ಹತ್ತಿರ ಹೆಂಗಸರು ಅವಳ ಕೊಡಕ್ಕೆ ಜಾಗ ಬಿಟ್ಟು ದೂರ ಸರಿಯುತ್ತಿದ್ದರು. "ವಿಮಾನದಾಗೆ ಮ್ಯಾಲೆ ಹೋದೋಳು, ದೇವ್ರ ಮುಂದೆ ಕೆಳಗೆ ಬಿದ್ಲು" ಎಂದು ಒಬ್ಬಳು ಅಂದಳು. ಈರಕ್ಕ ಕೇಳಿಸಿಕೊಂಡೇ ತನ್ನ ಕೊಡ ಹೊತ್ತು ನಡೆದಳು.

ಶಿವಗಂಗಮ್ಮ ಮರಳಿ ಕೆಲಸಕ್ಕೆ ಹೋದಳು. ಅದೇ ಕಂಪನಿ, ಅವನು ಬರೆದ ಚೀಟಿಯ ಪ್ರಕಾರವೇ ಕೆಲಸ. ಆ ಮೂರು ತಿಂಗಳು ನಾನು ದಿನಾ ಹೊಸದುರ್ಗದ ಕಡೆಯಿಂದ ಕೇಡಿನ ಸುದ್ದಿ ಬರುವುದೇ ಎಂದು ಕಾದೆ. ಒಬ್ಬರ ಮನೆಗೆ ಕೇಡು ಬರಲಿ ಎಂದು ಕಾದೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ. ಏನೂ ಬರಲಿಲ್ಲ. ಅವನಿಗೆ ದೊಡ್ಡ ಹುದ್ದೆಯಾಯಿತೆಂದು ಸುದ್ದಿ ಬಂತು.

ಆಷಾಢದಲ್ಲಿ ಒಂದು ದಿನ ಅವಳು ಹಿರಿಯೂರು ಬಸ್ ಸ್ಟ್ಯಾಂಡಿಗೆ ನನ್ನನ್ನು ಕರೆಸಿಕೊಂಡಳು. ಹಟ್ಟಿಗೆ ಬರಲಿಲ್ಲ. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಕಮಿಟಿಗೆ ಬರೆದು ಕೊಟ್ಟಿದ್ದಳು. ಆದರೆ ಆದ ಮೂರು ತಿಂಗಳೊಳಗೆ ಕೊಡಬೇಕಿತ್ತಂತೆ. ತಡವಾಗಿದ್ದಕ್ಕೆ ಸರಿಯಾದ ಕಾರಣ ತೋರಿಸಿದರೆ ಇನ್ನೂ ಮೂರು ತಿಂಗಳು ಬಿಡುತ್ತಾರಂತೆ.

"ಆಣೆಗೋಸ್ಕರ ಕಾದೆ ಅಂದ್ರೆ ಅಲ್ಲಿ ಯಾರ್ ನಂಬ್ತಾರೆ, ಅಜ್ಜಿ? ಹಟ್ಟಿಯೋರು ಒಬ್ರು ಬರೆದು ಕೊಡಬೇಕು. ಅಪ್ಪನ್ನ ಕೇಳ್ದೆ, ದೇವ್ರ ವಿಷ್ಯ ಕಾಗದಕ್ಕೆ ತರಬ್ಯಾಡ ಅಂದ. ನಿಂಗೆ ಬರಿಯಾಕೆ ಬರ್ತೈತಲ್ಲ."

ಬರುತ್ತಿತ್ತು. ಅಕ್ಷರ ಕಲಿಸುವ ಶಿಬಿರ ಹಟ್ಟಿಗೆ ಬಂದಾಗ ಹೆಂಗಸರಲ್ಲಿ ನಾನೊಬ್ಬಳೇ ಕೊನೆಯ ಪುಸ್ತಕದವರೆಗೆ ಓದಿದ್ದೆ. ಆದರೆ ಒಂದು ಸಾಲು ಬರೆಯಲು ನನಗೆ ಅರ್ಧ ಗಂಟೆ ಬೇಕು, ಅವಳ ಬಸ್ಸು ಹೊರಟಿತ್ತು. ವಿಳಾಸ ಬರೆದು ಸ್ಟಾಂಪು ಹಚ್ಚಿದ ಕವರನ್ನು ಕೊಟ್ಟಳು. "ಇನ್ನು ಒಂಬತ್ತು ದಿನ ಐತೆ" ಎಂದಳು.

ಎರಡು ದಿನ ಕೂತು ಬರೆದೆ. ಅವಳು ಗುಡಿಸಲಿನಲ್ಲಿ ಹೇಳಿದ್ದು, ಜುಂಜಣ್ಣ ತಲೆಯ ಮೇಲೆ ಕೈಯಿಟ್ಟದ್ದು, ನಾನು ಕಿವಿಯಲ್ಲಿ ಹೇಳಿದ್ದು, ಎಲ್ಲ. ಮೂರನೇ ದಿನ ಕವರನ್ನು ಸೆರಗಿನಲ್ಲಿ ಇಟ್ಟುಕೊಂಡು ಅಂಚೆಗೆ ಹಾಕಲು ಬಬ್ಬೂರಿಗೆ ನಡೆದೆ. ಟೀ ಅಂಗಡಿಯ ಮುಂದೆ ಜುಂಜಣ್ಣ ಕುಳಿತಿದ್ದ.

"ಎಲ್ಲಿಗೆ ತಿಪ್ಪಕ್ಕ, ಬಿಸ್ಲಾಗೆ?"

"ಮೊಣಕಾಲು ನೋವು, ಮಾತ್ರೆ ತರಾಕೆ."

"ಕುಂತ್ಕ, ಟೀ ಕುಡಿ. ಆಮ್ಯಾಕೆ ಇಬ್ರೂ ಹೋಗಾಣ."

ಟೀ ಕುಡಿದೆ. ಬೇಡದ ಮಾತ್ರೆ ಕೊಂಡೆ. ಅಂಚೆ ಡಬ್ಬಿಯ ಮುಂದೆಯೇ ಹಾದು, ಕವರು ಹಾಕದೆ ಅವನ ಜೊತೆ ಹಟ್ಟಿಗೆ ವಾಪಸು ನಡೆದೆ. ಆ ಹಟ್ಟಿ ಬಿಟ್ಟರೆ ನನಗೆ ಹೋಗಲು ಜಾಗವಿರಲಿಲ್ಲ. ನಾಳೆ ಹಾಕಿದರಾಯಿತು ಎಂದುಕೊಂಡೆ, ಮರುದಿನವೂ ಅದನ್ನೇ ಅಂದುಕೊಂಡೆ. ಶಿವಗಂಗಮ್ಮ ಫೋನು ಮಾಡಿ "ಹಾಕಿದ್ಯಾ?" ಎಂದು ಕೇಳಿದಳು. ಹಾಕಿದೆ ಎಂದೆ.

ಅವಳ ಕಾಗದವನ್ನು ಕಮಿಟಿಯವರು ತಡವಾಯಿತೆಂದು ಮುಚ್ಚಿದರು. ಅವಳು ಆ ಕೆಲಸ ಬಿಟ್ಟು ಹುಬ್ಬಳ್ಳಿಯಲ್ಲಿ ಬಟ್ಟೆಯಂಗಡಿ ಸೇರಿದಳು. ಈಗಲೂ ನನಗೆ ಹಗಲಿನಲ್ಲಿ ಬೇಲಿಯ ಹತ್ತಿರ ಹೋದರೆ "ನಾನು ಇಲ್ಲಿಂದಾನೆ ಹೇಳ್ತೀನಿ" ಎಂಬುದು ಕೇಳುತ್ತದೆ. ಗುಡಿಸಲಿನಲ್ಲಿ ಯಾರೂ ಇಲ್ಲದ ದಿನವೂ ಊಟ ಒಯ್ದು ಇಟ್ಟು ಬಂದಿದ್ದೇನೆ. ಹಿಂತಿರುಗಿ ಬಂದ ಮೇಲೆ ನೆನಪಾಗುತ್ತದೆ.

ನಾಲ್ಕು ವರ್ಷದ ಮೇಲೆ ಜುಂಜಣ್ಣ ಸತ್ತ. ಮಗಳು ಬಂದಳು, ಮಣ್ಣಾಯಿತು. ಮೂರನೇ ದಿನ ಮಧ್ಯಾಹ್ನ ಮನೆಯಲ್ಲಿ ಈರಕ್ಕ, ಅವಳು, ನಾನು ಮೂವರೇ ಇದ್ದೆವು. ಈರಕ್ಕ ಗೋಡೆಗೆ ಒರಗಿ, ಮಗಳ ಕಡೆ ನೋಡದೆ ಹೇಳಿದಳು: "ನಿನ್ ಮಾತು ಸತ್ಯ ಆಗಿದ್ರೆ ಅವತ್ತು ದೇವ್ರು ಒಳಗೆ ಬಿಡ್ತಿದ್ದ. ನಿಮ್ಮಪ್ಪ ಅದೇ ಕೊರಗಿನಾಗೆ ಹೋದ."

 ನನಗೆ ಅಲ್ಲಿ ಕೂರಲಾಗಲಿಲ್ಲ. ಮನೆಗೆ ಹೋಗಿ ಟ್ರಂಕಿನ ತಳದಿಂದ ಆ ಕವರು ತಂದು ಅವಳ ಮುಂದೆ ಇಟ್ಟೆ. ಸ್ಟಾಂಪಿಗೆ ಮುದ್ರೆ ಬಿದ್ದಿರಲಿಲ್ಲ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಕವರು ಹರಿದು ಕಾಗದ ಬಿಡಿಸಿ, ಓದದೆ ನನ್ನ ಕೈಗೇ ಕೊಟ್ಟಳು.

ಅವತ್ತು ಒಂದನ್ನು ಮಾತ್ರ ಕೇಳಿದಳು, ಅದಾದ ಮೇಲೆ ಅವಳು ನನ್ನನ್ನು ಏನೂ ಕೇಳಿಲ್ಲ.

"ಓದಜ್ಜಿ," ಎಂದಳು. "ಅವ್ವಗೆ ಕೇಳಂಗೆ ಓದು. ಅವಳಿಗೆ ಎಡಗಡೆ ಕಿವಿ ಮಂದ, ಈ ಕಡೆ ಬಂದು ಕುಂತ್ಕ."